ಅಂಗೈಯಲ್ಲಿ ಅಲುಗುವ ಬೇರಿಂಗು

"ಅಜ್ಜಾರ, ನನ್ನೊಳಗ ಏನು ಕಡಿಮಿ ಐತ್ರಿ?"

ರಾಚಯ್ಯ ಇದನ್ನು ಕೇಳಿದ್ದು ಬೆಳಗಿನ ಪೂಜೆ ಮುಗಿದ ಮೇಲೆ, ಮಠದ ಪಡಸಾಲೆಯಲ್ಲಿ. ಕೇಳುವ ಮೊದಲೇ ಅವನು ತನ್ನ ಬಟ್ಟೆಯ ಗಂಟು ಕಟ್ಟಿ ಬಾಗಿಲ ಹಿಂದೆ ಇಟ್ಟಿದ್ದ. ಉತ್ತರ ಮನಸ್ಸಿಗೆ ಒಪ್ಪದಿದ್ದರೆ ಒಂಬತ್ತೂವರೆಯ ಬಸ್ಸಿಗೆ ಮಠ ಬಿಡುವುದೆಂದು ನಿಶ್ಚಯ ಮಾಡಿದ್ದ. ಒಂಬತ್ತು ವರ್ಷ ಸೇವೆ ಮಾಡಿದ ಜಾಗ. ಆದರೂ ಗಂಟು ಕಟ್ಟಿದ್ದ.

ಇಷ್ಟಕ್ಕೆಲ್ಲ ಕಾರಣ ಒಂದು ಸೌಟು. ಆ ಮಠದಲ್ಲಿ ದಾಸೋಹದ ಉಸ್ತುವಾರಿ ಯಾರಿಗೆ ಎಂದು ಬಾಯಿಬಿಟ್ಟು ಹೇಳುವ ರೂಢಿಯಿಲ್ಲ. ಮಠದ ಸ್ವಾಮಿಗಳಾದ ಅಜ್ಜನವರು ಅಡುಗೆಮನೆಗೆ ಬಂದು ಹಿತ್ತಾಳೆಯ ದೊಡ್ಡ ಸೌಟನ್ನು ಯಾರ ಕೈಗೆ ಕೊಡುತ್ತಾರೋ ಅವರೇ ಅಂದಿನಿಂದ ದಾಸೋಹದ ಹಿರಿಯರು. ಮೊದಲಿನ ಹಿರಿಯರು ಲಿಂಗೈಕ್ಯರಾಗಿ ಮೂರು ತಿಂಗಳಾಗಿತ್ತು. ಸೌಟು ರಾಚಯ್ಯನಿಗೇ ಎಂದು ಊರೆಲ್ಲ ತಿಳಿದಿತ್ತು. ಎಲ್ಲರಿಗಿಂತ ಚೆನ್ನಾಗಿ ರಾಚಯ್ಯನೇ ತಿಳಿದಿದ್ದ. ನಿನ್ನೆ ಅಜ್ಜನವರು ಬಂದರು, ಸೌಟು ತೆಗೆದುಕೊಂಡರು, ಅಡುಗೆಮನೆಯಲ್ಲಿ ರಾಚಯ್ಯನ ಜೊತೆ ಸೇವೆಗಿದ್ದ ಫಕೀರಪ್ಪನ ಕೈಗೆ ಕೊಟ್ಟು ಹೊರಟುಹೋದರು.

ಫಕೀರಪ್ಪ ಕೆಟ್ಟವನೇನಲ್ಲ. ಆದರೆ ಸೌಟು ಕೈಯಲ್ಲೇ ಹಿಡಿದುಕೊಂಡು ಸೌಟು ಎಲ್ಲಿ ಎಂದು ಹುಡುಕುವ ಆಸಾಮಿ. ತಡವಾಗಿ ಏಳುತ್ತಾನೆ. ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ಎಂದು ಬಡಿಸಿದ ಮೇಲೆ ಉಂಡವರನ್ನು ಕೇಳುತ್ತಾನೆ. ರಾಚಯ್ಯನದು ಹಾಗಲ್ಲ. ಅವನು ಅಳೆದ ಅಕ್ಕಿಯಲ್ಲಿ ಒಂದು ಹಿಡಿ ಹೆಚ್ಚಿಲ್ಲ, ಒಂದು ಹಿಡಿ ಕಡಿಮೆಯಿಲ್ಲ. ಅವನು ಕೂರಿಸಿದ ಪಂಕ್ತಿ ನೂಲು ಹಿಡಿದಂತೆ ನೆಟ್ಟಗಿರುತ್ತದೆ. ಪಂಕ್ತಿ ಕೂತ ಮೇಲೆ ಬಾಗಿಲಿಗೆ ಅಗಳಿ. ಆ ಪಂಕ್ತಿ ಏಳುವ ತನಕ ಒಳಗಿನವರು ಒಳಗೆ, ಹೊರಗಿನವರು ಹೊರಗೆ.

ಹೋದ ಅಮಾವಾಸ್ಯೆಗೆ ಒಂದು ಸಂಗತಿ ನಡೆದಿತ್ತು. ಎಂದೂ ಬಾರದಷ್ಟು ಜನ ಬಂದರು. ಮೂರು ಬಸ್ಸು, ಎರಡು ಲಾರಿ, ಜೊತೆಗೆ ಕಾಲುನಡಿಗೆಯವರು. ನೂಕಾಟದಲ್ಲಿ ಪಂಕ್ತಿ ಮುರಿಯಿತು. ಸಾಲು ಸರಿಯಾಗುವ ತನಕ ಬಡಿಸುವುದಿಲ್ಲ ಎಂದು ರಾಚಯ್ಯ ಅಗಳಿ ಹಾಕಿ ನಿಂತ. ಒಳಗೆ ಅನ್ನ ಆರಿತು, ಹೊರಗೆ ಕೂಸುಗಳು ಅತ್ತವು. ಒಂದು ತಾಸು ಒಂದು ಎಲೆಗೂ ಅನ್ನ ಬೀಳಲಿಲ್ಲ. ಕಡೆಗೆ ಫಕೀರಪ್ಪ ಹಿತ್ತಲ ಬಾಗಿಲು ತೆಗೆದು, ಬೇವಿನ ಮರದ ಕೆಳಗೆ ಸೊಟ್ಟಂಬಟ್ಟ ಎಲೆ ಹಾಸಿ, "ಕುಂದರ್ರಿ, ಎಲ್ಲಿ ಜಾಗ ಐತಿ ಅಲ್ಲಿ ಕುಂದರ್ರಿ" ಎಂದು ಬಡಿಸಿದ. ಸಂಜೆಗೆ ಎಲ್ಲರೂ ಉಂಡಿದ್ದರು. ಪಂಕ್ತಿ ಮುರಿದವರು ಭಕ್ತರು, ತಾನಲ್ಲ ಎಂಬುದು ರಾಚಯ್ಯನ ಮಾತು. ಅದು ಸುಳ್ಳೂ ಅಲ್ಲ.

ಅಜ್ಜನವರು ಪೂರ್ವಾಶ್ರಮದಲ್ಲಿ ಏನಾಗಿದ್ದರೆಂದು ಊರಿನಲ್ಲಿ ಯಾರಿಗೂ ಖಚಿತವಿಲ್ಲ. ಮಠದ ಹಿಟ್ಟಿನ ಗಿರಣಿ ಕೆಟ್ಟರೆ ಮಾತ್ರ ಅವರು ಒಂದು ಚಮಚದ ಹಿಡಿಯನ್ನು ಕಿವಿಗಿಟ್ಟು, ಇನ್ನೊಂದು ತುದಿಯನ್ನು ಯಂತ್ರಕ್ಕೆ ತಾಗಿಸಿ, ಕಣ್ಣು ಮುಚ್ಚಿ ಕೇಳುತ್ತಾರೆ. ಆಮೇಲೆ ಎಲ್ಲಿ ಕೆಟ್ಟಿದೆ ಎಂದು ಹೇಳುತ್ತಾರೆ. ಇಂದಿನ ತನಕ ಅದು ತಪ್ಪಿಲ್ಲ. ರಾಚಯ್ಯನ ಪ್ರಶ್ನೆಯನ್ನೂ ಅವರು ಹಾಗೆಯೇ ಕಣ್ಣು ಮುಚ್ಚಿ ಕೇಳಿದರು.

"ಕುಂದ್ರು. ಒಂದು ಕತಿ ಹೇಳ್ತೀನಿ. ನಿನ್ನ ಬಸ್ಸಿಗೆ ಇನ್ನೂ ಹೊತ್ತೈತಿ" ಎಂದರು.

ಬಸ್ಸಿನ ವಿಷಯ ಇವರಿಗೆ ಹೇಗೆ ಗೊತ್ತಾಯಿತೆಂದು ರಾಚಯ್ಯ ಬೆಚ್ಚಿದ. ಕೂತ. ಅಜ್ಜನವರು ಹೇಳಿದ ಕತೆ ಇದು.

ಒಂದು ಊರಿನಲ್ಲಿ ಒಬ್ಬ ಬೈಕ್ ಮೇಸ್ತ್ರಿ ಇದ್ದ. ತನ್ನ ಅಂಗಡಿಯಿಂದ ಸಡಿಲವಾದದ್ದು ಒಂದು ನಟ್ಟೂ ಹೊರಗೆ ಹೋಗಬಾರದು ಎಂಬುದು ಅವನ ವ್ರತ. ಅವನು ಬಿಗಿದ ಬೋಲ್ಟನ್ನು ಬಿಚ್ಚಲು ಬೇರೆ ಮೇಸ್ತ್ರಿಗಳು ಇಬ್ಬರು ಸೇರಬೇಕು ಎಂದು ಜನ ಹೇಳುತ್ತಿದ್ದರು. ತಮಾಷೆಗೆ ಹೇಳಿದ ಮಾತನ್ನು ಅವನು ಬಿರುದಿನಂತೆ ಇಟ್ಟುಕೊಂಡಿದ್ದ.

ಆ ಸೀಮೆಯಲ್ಲಿ ಸುಗ್ಗಿ ಮುಗಿದ ಮೇಲೆ ಗುಡ್ಡದ ಬುಡದ ಬಯಲಿನಲ್ಲಿ ಮಣ್ಣಿನ ಬೈಕುಗಳ ಓಟ ನಡೆಯುತ್ತಿತ್ತು. ಹಳೆಯ ಬೈಕುಗಳಿಗೆಂದೇ ಒಂದು ಪಂದ್ಯ ಬೇರೆ. ಒಬ್ಬ ಸವಾರ ಮೇಸ್ತ್ರಿಯ ಬಳಿಗೆ ತನ್ನ ತಂದೆಯ ಕಾಲದ ಬೈಕನ್ನು ತಳ್ಳಿಕೊಂಡು ಬಂದ. ಅದನ್ನು ಮಾಡಿದ ಕಂಪನಿ ಮುಚ್ಚಿ ಎಷ್ಟೋ ಕಾಲವಾಗಿತ್ತು. ಸವಾರನಿಗೂ ತಲೆ ನೆರೆತಿತ್ತು. ತಂದೆ ಓಡಿಸಿದ ಬಯಲಿನಲ್ಲಿ ತಂದೆಯ ಬೈಕನ್ನು ಒಂದು ಸಲ ಕೊನೆಯ ತನಕ ಓಡಿಸಬೇಕು ಎಂಬುದೊಂದೇ ಅವನ ಆಸೆ. ಗೆಲ್ಲುವ ಆಸೆಯೂ ಇರಲಿಲ್ಲ.

ಮೇಸ್ತ್ರಿ ಎಂಜಿನ್ ಬಿಚ್ಚಿದ. ಎಂಜಿನಿನ ಹೊಟ್ಟೆಯಲ್ಲಿ ಕ್ರ್ಯಾಂಕ್ ಎಂಬ ಉಕ್ಕಿನ ದಿಂಡು ತಿರುಗುತ್ತದೆ. ಅದನ್ನು ಎರಡೂ ಕಡೆಯಿಂದ ಹೊರುವುದು ಒಂದೊಂದು ಬೇರಿಂಗು. ಬೇರಿಂಗೆಂದರೆ ಬೇರೇನಲ್ಲ, ಒಂದರೊಳಗೊಂದು ಎರಡು ಉಕ್ಕಿನ ಬಳೆ, ನಡುವೆ ಸಾಲಾಗಿ ಗುಂಡುಗಳು. ಈ ಎಂಜಿನಿನ ಎರಡು ಬೇರಿಂಗೂ ಸವೆದಿದ್ದವು. ಮಸಿ ಹಿಡಿದ ಅವುಗಳನ್ನು ಮೇಸ್ತ್ರಿ ಮೇಜಿನ ಕೆಳಗಿನ ಗುಜರಿ ಡಬ್ಬಿಗೆ ಎಸೆದ. ಅಳತೆ ತೆಗೆದುಕೊಂಡು ಪೇಟೆಯ ಬೇರಿಂಗ್ ಅಂಗಡಿಗೆ ಹೋದ.

ಅಂಗಡಿಯವನು ಎರಡು ಪೊಟ್ಟಣ ಬಿಚ್ಚಿ ಮುಂದಿಟ್ಟ. ಎರಡೂ ಒಂದೇ ಅಳತೆ, ಎರಡೂ ಹೊಸವು. ಮೇಸ್ತ್ರಿ ಒಂದನ್ನು ಅಂಗೈಯಲ್ಲಿಟ್ಟು ಅಲುಗಿಸಿದ. ಅಲುಗಲಿಲ್ಲ. ಬೆರಳಿಟ್ಟು ತಿರುಗಿಸಿದ. ಬೆಣ್ಣೆಯಲ್ಲಿ ಬೆರಳಾಡಿಸಿದಂತೆ ತಿರುಗಿತು. ಇನ್ನೊಂದನ್ನು ಅಲುಗಿಸಿದ. ಒಳಗೆ ಗುಂಡು ಚಿಕ್ ಎಂದಿತು. ಅವನು ಅದನ್ನು ಹೆಬ್ಬೆರಳಿನಿಂದ ಅಂಗಡಿಯವನ ಕಡೆಗೆ ತಳ್ಳಿದ.

"ಎಂಜಿನ್ನಿಗೆ ಇದ ಬೇಕಂತಾರ್ರೀ" ಎಂದ ಅಂಗಡಿಯವನು.

"ಸಡಿಲ ಮಾಲು ನನ್ನ ಕೈಗೆ ಕೊಡಬ್ಯಾಡ. ಅಲುಗೂ ವಸ್ತು ನಾ ಯಾರಿಗೂ ಹಾಕಿ ಕೊಟ್ಟಿಲ್ಲ" ಎಂದ ಮೇಸ್ತ್ರಿ. ಬಿಗಿಯದ್ದರ ಜೋಡಿ ಕೊಂಡು ಬಂದ.

ಇಲ್ಲಿಯ ತನಕ ಕೇಳಿದ ರಾಚಯ್ಯನಿಗೆ ಮೇಸ್ತ್ರಿಯ ಮೇಲೆ ಪ್ರೀತಿ ಹುಟ್ಟಿತ್ತು. ಅಜ್ಜನವರು ಎಂಥ ಒಳ್ಳೆಯ ಮನುಷ್ಯನ ಕತೆ ಹೇಳುತ್ತಿದ್ದಾರೆ ಎಂದುಕೊಂಡು ಅವನು ಕಾಲು ಮಡಿಸಿ ಸರಿಯಾಗಿ ಕೂತ.

ಮೇಸ್ತ್ರಿಯ ಕೆಲಸದಲ್ಲಿ ತಪ್ಪು ಹುಡುಕುವಂತಿರಲಿಲ್ಲ. ಅವನು ಸುತ್ತಿಗೆ ಮುಟ್ಟಲಿಲ್ಲ. ಎಂಜಿನಿನ ಹೊರಕವಚವನ್ನು ಒಲೆಯ ಮೇಲಿಟ್ಟು ಹದವಾಗಿ ಕಾಯಿಸಿದ. ಕವಚ ಹಿಗ್ಗಿತು, ಬೇರಿಂಗು ತಾನಾಗಿ ತನ್ನ ಜಾಗಕ್ಕೆ ಇಳಿಯಿತು. ಕವಚ ಆರಿದಾಗ ಅದನ್ನು ಗಟ್ಟಿಯಾಗಿ ಹಿಡಿಯಿತು. ಎಲ್ಲ ಕೂಡಿಸಿ ಕ್ರ್ಯಾಂಕನ್ನು ಕೈಯಿಂದ ತಿರುಗಿಸಿದಾಗ ಸ್ವಲ್ಪ ಭಾರವೆನಿಸಿತು. ಹೊಸದಲ್ಲವೇ, ಬಿಗಿ ಇರುತ್ತದೆ ಎಂದು ಅವನಿಗೆ ಖುಷಿಯೇ ಆಯಿತು. ಎಂಜಿನ್ ಹೊತ್ತಿತು. ಒಂದು ಕಟಕಟ ಸದ್ದಿಲ್ಲ. ಅಕ್ಕಪಕ್ಕದ ಅಂಗಡಿಯವರು ಬಂದು ತಲೆದೂಗಿ ಹೋದರು.

ಓಟಕ್ಕೆ ಇನ್ನೂ ಮೂರು ವಾರವಿತ್ತು. ಸವಾರ ಬೈಕನ್ನು ಬಯಲಿಗೆ ಒಯ್ದ. ಮೊದಲ ಸುತ್ತು ಚೆನ್ನಾಗಿ ಹೋಯಿತು. ಎರಡನೆಯದೂ ಹೋಯಿತು. ಮೂರನೆಯ ಸುತ್ತಿನಲ್ಲಿ, ಏರು ಹತ್ತುವಾಗ, ಎಂಜಿನ್ ಕೆಂಡವಾಗಿದ್ದ ಹೊತ್ತಿನಲ್ಲಿ, ಒಳಗೆ ಯಾರೋ ಗಪ್ಪನೆ ಹಿಡಿದಂತೆ ಅದು ನಿಂತಿತು. ಹಿಂದಿನ ಗಾಲಿ ಕಚ್ಚಿಕೊಂಡಿತು. ಸವಾರ ಹ್ಯಾಂಡಲ್ ದಾಟಿ ಮೆತ್ತನೆಯ ಮಣ್ಣಿನಲ್ಲಿ ಬಿದ್ದ. ಮೊಣಕೈ ತರಚಿತು, ಬಾಯಿತುಂಬ ಮಣ್ಣು. ದೇವರು ದೊಡ್ಡವನು, ಅಷ್ಟಕ್ಕೇ ಮುಗಿಯಿತು.

ಮೇಸ್ತ್ರಿ ಮತ್ತೆ ಬಿಚ್ಚಿದ. ಬೇರಿಂಗು ಬೆಂದು ನೀಲಿಯಾಗಿತ್ತು. ಪೆಟ್ರೋಲಿಗೆ ಎಣ್ಣೆ ಕಡಿಮೆ ಬೆರೆಸಿರಬೇಕು ಎಂದು ಅವನು ಸವಾರನ ಮೇಲೆ ರೇಗಿದ. ಸವಾರ ಅಳೆದೇ ಬೆರೆಸಿದ್ದ. ಆದರೂ ವಾದ ಮಾಡಲಿಲ್ಲ. ಮೇಸ್ತ್ರಿ ದೊಡ್ಡ ಪಟ್ಟಣದಿಂದ ಇನ್ನೂ ಮೇಲಿನ ದರ್ಜೆಯ ಎರಡು ಜೋಡಿ ತರಿಸಿದ. ಅವೂ ಅಂಗೈಯಲ್ಲಿ ಅಲುಗದವೇ. ಒಂದು ಜೋಡಿ ಹಾಕಿದ. ಈ ಸಲ ತಾನೇ ಎಣ್ಣೆ ಬೆರೆಸಿದ, ತಾನೇ ಬೈಕು ಹತ್ತಿದ. ಊರ ಹೊರಗಿನ ದಿಬ್ಬದ ಮೇಲೆ, ಬಿಸಿ ಏರಿದ ಕೂಡಲೇ, ಎಂಜಿನ್ ಹಾಗೆಯೇ ಕಚ್ಚಿಕೊಂಡಿತು. ತಪ್ಪು ಹೊರಿಸಲು ಸುತ್ತಮುತ್ತ ಯಾರೂ ಇರಲಿಲ್ಲ.

ಕ್ರ್ಯಾಂಕ್ ಎರಡು ಸಲ ಪೆಟ್ಟು ತಿಂದಿತ್ತು. ಉಜ್ಜಿ ನಯ ಮಾಡಬಹುದಿತ್ತು. ಇನ್ನೊಂದು ಸಲ ಕಚ್ಚಿಕೊಂಡರೆ ಅದು ಗುಜರಿಗೇ. ಬೇರೆ ಕ್ರ್ಯಾಂಕ್ ತರೋಣವೆಂದರೆ ಮಾಡುವವರೇ ಲೋಕದಲ್ಲಿ ಉಳಿದಿಲ್ಲ. ಸವಾರ ಬಂದು ನೋಡಿದ. "ಮೇಸ್ತ್ರಿ, ಇನ್ನೊಂದು ಸಲ ನೋಡ್ರಿ. ಆಗಲಿಲ್ಲಂದ್ರ ನಮ್ಮಪ್ಪನ ಬೈಕು ಪಡಸಾಲ್ಯಾಗ ನಿಲ್ಲಲಿ" ಎಂದ. ಬೈದಿದ್ದರೆ ಮೇಸ್ತ್ರಿಗೆ ಹಗುರವಾಗುತ್ತಿತ್ತು. ಅವನು ಬೈಯಲಿಲ್ಲ. ಉಳಿದ ಒಂದು ಜೋಡಿ ಬಿಗಿ ಬೇರಿಂಗನ್ನು ನಾಳೆ ಹಾಕುವುದೆಂದು ಮೇಸ್ತ್ರಿ ಪೊಟ್ಟಣವನ್ನು ಮೇಜಿನ ಮೇಲಿಟ್ಟು ಮನೆಗೆ ಹೋದ. ಬೇರೆ ದಾರಿ ಅವನಿಗೆ ಕಾಣಲಿಲ್ಲ.

ಮನೆಯಲ್ಲಿ ಅಂದು ಸಂಭ್ರಮ. ಮಗಳು ಏಳು ತಿಂಗಳ ಬಸುರಿ, ತವರಿಗೆ ಬಂದಿದ್ದಳು. ಕುಬುಸದ ಶಾಸ್ತ್ರಕ್ಕೆ ಹಸಿರು ಬಳೆ ಇಡಿಸುತ್ತಿದ್ದರು. ಬಳೆಗಾರ್ತಿ ಜಗಲಿಯ ಮೇಲೆ ಕೂತು ಮಗಳ ಕೈ ಒತ್ತಿ ಒತ್ತಿ ನೋಡಿದಳು. ಆ ಕೈಗೆ ಸರಿಹೋಗುವ ಬಳೆಯ ಕಟ್ಟನ್ನು ಪಕ್ಕಕ್ಕಿಟ್ಟು, ಅದಕ್ಕಿಂತ ದೊಡ್ಡ ಕಟ್ಟನ್ನು ಬಿಚ್ಚಿದಳು. ಬಳೆಗಳು ಸಲೀಸಾಗಿ ಏರಿ, ಕೈ ಎತ್ತಿದರೆ ಮೇಲಕ್ಕೂ ಇಳಿಸಿದರೆ ಕೆಳಕ್ಕೂ ಜಾರಾಡಿದವು. ಹೋಳಿಗೆ ತಿನ್ನುತ್ತಿದ್ದ ಮೇಸ್ತ್ರಿಗೆ ಸುಮ್ಮನಿರಲು ಆಗಲಿಲ್ಲ. ಸಡಿಲವನ್ನು ಕಂಡರೆ ಅವನ ಜೀವ ಅಂಥದ್ದು.

"ಏನವಾ, ಇಷ್ಟು ಸಡಿಲ ಇಟ್ಟಿ?" ಎಂದ.

ಬಳೆಗಾರ್ತಿ ತಲೆ ಎತ್ತಲೂ ಇಲ್ಲ. "ಇವತ್ತಿನ ಕೈ ನೋಡಿ ಬಳಿ ಇಡಸಬಾರದ್ರಿ, ಮೇಸ್ತ್ರಿ. ಒಂಬತ್ತು ತುಂಬೂದ್ರಾಗ ಕೈಗೆ ಬಾವು ಬರ್ತೈತಿ. ಆವಾಗ ಇವು ಸರಿ ಕೂಡ್ತಾವು. ಇವತ್ತ ಬಿಗಿ ಇಟ್ಟರ ಅವತ್ತು ಬಳಿಯರ ಒಡೀಬೇಕು, ಕೈಯರ ನೋಯಬೇಕು" ಎಂದಳು.

ಮೇಸ್ತ್ರಿಯ ಕೈಯಲ್ಲಿದ್ದ ಹೋಳಿಗೆ ಕೈಯಲ್ಲೇ ಉಳಿಯಿತು. ಅವನು ಹೆಂಡತಿಗೂ ಹೇಳದೆ ಎದ್ದು ಅಂಗಡಿಗೆ ನಡೆದ. ಮೇಜಿನ ಕೆಳಗಿನ ಗುಜರಿ ಡಬ್ಬಿಯನ್ನು ನೆಲಕ್ಕೆ ಸುರಿದು, ಮೊದಲ ದಿನ ಎಸೆದಿದ್ದ ಹಳೆಯ ಬೇರಿಂಗನ್ನು ಹುಡುಕಿ ತೆಗೆದ. ಸೀಮೆಎಣ್ಣೆಯ ಬಟ್ಟೆಯಿಂದ ಮಸಿ ಒರೆಸಿದ. ಹೊರಬಳೆಯ ಅಂಚಿನಲ್ಲಿ ಅಳತೆಯ ಸಂಖ್ಯೆ ಇತ್ತು. ಅದರ ಮುಂದೆ ಇನ್ನೂ ಒಂದು ಅಕ್ಷರ, ಒಂದು ಅಂಕಿ ಇತ್ತು: ಸಿ ಮೂರು. ಅಂಗಡಿಯವನು ಮೊದಲ ದಿನ ಮುಂದಿಟ್ಟ ಸಡಿಲ ಬೇರಿಂಗಿನ ಮೇಲೂ ಅದನ್ನೇ ಕೆತ್ತಿದ್ದುದು ನೆನಪಾಯಿತು. ಎಂಜಿನ್ ಮಾಡಿದವರು ಎಷ್ಟು ಸಡಿಲ ಬೇಕೆಂದು ಅಂದೇ ಬರೆದಿಟ್ಟಿದ್ದರು. ಓದದೆ ಎಸೆದವನು ತಾನು. ಮೇಸ್ತ್ರಿಗೆ ನಾಚಿಕೆಯಾಯಿತು. ಇಪ್ಪತ್ತು ವರ್ಷದ ಮೇಸ್ತ್ರಿಕೆಯಲ್ಲಿ ಅಷ್ಟು ನಾಚಿಕೆ ಅವನಿಗೆ ಎಂದೂ ಆಗಿರಲಿಲ್ಲ.

ಎಲ್ಲವೂ ಅವನಿಗೆ ಕಂಡಿತು. ಕವಚ ಹೊರಬಳೆಯನ್ನು ಅಮುಕಿ ಹಿಡಿಯುತ್ತದೆ. ಅಲ್ಲಿ ಅರ್ಧ ಸಡಿಲ ಹೋಗುತ್ತದೆ. ಎಂಜಿನ್ ಕಾದಾಗ ಕ್ರ್ಯಾಂಕ್ ಹಿಗ್ಗಿ ಒಳಬಳೆಯನ್ನು ಹೊರಕ್ಕೆ ನೂಕುತ್ತದೆ. ಅಲ್ಲಿ ಉಳಿದರ್ಧ ಹೋಗುತ್ತದೆ. ಅಂಗೈಯಲ್ಲಿ ಅಲುಗುವ ಬೇರಿಂಗು ಬೆಂಕಿಯಲ್ಲಿ ಸರಿಯಾಗಿ ಕೂಡುತ್ತದೆ. ಅಂಗೈಯಲ್ಲೇ ಸರಿಯಾಗಿ ಕೂತದ್ದಕ್ಕೆ ಬೆಂಕಿಯಲ್ಲಿ ಉಸಿರಾಡಲು ಜಾಗವಿಲ್ಲ. ಅವನು ಇಷ್ಟು ವರ್ಷ ಆರಿದ ಕೈಯಿಂದ ಅಳೆಯುತ್ತಿದ್ದ. ಎಂಜಿನ್ ಓಡುವುದು ಅವನ ಕೈಯಲ್ಲಲ್ಲ.

ಮರುದಿನ ಅವನು ಪೇಟೆಗೆ ಹೋದ. ಇನ್ನೂ ಸಡಿಲವಾದದ್ದು ಬೇಕೇನು, ಅದೂ ಇದೆ ಎಂದು ಅಂಗಡಿಯವನು ನಕ್ಕ. ಮೇಸ್ತ್ರಿ ಬೇಡವೆಂದ. ಹಳೆಯದರ ಮೇಲೆ ಬರೆದಷ್ಟೇ ಸಡಿಲವನ್ನು ಕೇಳಿ ತಂದ. ಕ್ರ್ಯಾಂಕನ್ನು ಉಜ್ಜಿ ನಯ ಮಾಡಿದ, ಕವಚ ಕಾಯಿಸಿದ, ಬೇರಿಂಗು ಇಳಿಸಿದ. ಈ ಸಲ ಕ್ರ್ಯಾಂಕು ಒಂದು ಬೆರಳಿಗೆ ತಿರುಗಿತು. ಎಂಜಿನ್ ಹೊತ್ತಿದಾಗ ಮೊದಲು ಸಣ್ಣಗೆ ಗೊರಗೊರ ಎಂದಿತು. ಪಕ್ಕದ ಅಂಗಡಿಯವರು ಮುಖ ಮುಖ ನೋಡಿಕೊಂಡರು. ಮೇಸ್ತ್ರಿ ಎಂಜಿನ್ ಆರಿಸದೆ ಕಾಯಲು ಬಿಟ್ಟ. ಬಿಸಿ ಏರಿತು, ಸದ್ದು ತಾನಾಗಿ ಅಡಗಿತು.

ಓಟದ ದಿನ ಸವಾರ ಹನ್ನೆರಡು ಸುತ್ತನ್ನೂ ಮುಗಿಸಿದ. ಅವನಿಗೆ ಬಂದದ್ದು ಆರನೆಯ ಸ್ಥಾನ. ತಲೆಯಿಂದ ಕಾಲಿನ ತನಕ ಕೆಂಪು ಮಣ್ಣು ಮೆತ್ತಿಕೊಂಡು, ಹಲ್ಲು ಮಾತ್ರ ಬೆಳ್ಳಗೆ ಕಾಣುವಂತೆ ನಗುತ್ತ, ಅವನು ಬೈಕನ್ನು ಸೀದಾ ಮೇಸ್ತ್ರಿಯ ಮುಂದೆ ತಂದು ನಿಲ್ಲಿಸಿದ. ಇಬ್ಬರೂ ಬಯಲಿನ ಅಂಚಿನಲ್ಲಿ ಕೂತು ಚಹಾ ಕುಡಿದರು. ಅಷ್ಟು ರುಚಿಯ ಚಹಾ ಇಬ್ಬರೂ ಅದಕ್ಕೆ ಮೊದಲು ಕುಡಿದಿರಲಿಲ್ಲ.

ಅಜ್ಜನವರು ಕತೆ ನಿಲ್ಲಿಸಿ ಒಂದು ಗುಟುಕು ನೀರು ಕುಡಿದರು.

ರಾಚಯ್ಯ ಮಡಿಸಿದ ಕಾಲನ್ನು ಯಾವಾಗಲೋ ಬಿಚ್ಚಿದ್ದ. ಅವನ ಕಣ್ಣ ಮುಂದೆ ಅಮಾವಾಸ್ಯೆಯ ಮಧ್ಯಾಹ್ನವಿತ್ತು. ಅಗಳಿಯ ಮೇಲೆ ತನ್ನ ಕೈ, ಒಳಗೆ ಆರುತ್ತಿದ್ದ ಅನ್ನ, ಹೊರಗೆ ಅಳುತ್ತಿದ್ದ ಕೂಸುಗಳು. ಸಾಲು ಮುರಿದವರು ಭಕ್ತರೇ ಇರಬಹುದು. ಗಾಲಿ ಕಚ್ಚಿದಂತೆ ನಿಂತವನು ಯಾರು ಎಂದು ಯಾರೂ ಅವನಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ರಸ್ತೆಯಲ್ಲಿ ಒಂಬತ್ತೂವರೆಯ ಬಸ್ಸು ಎರಡು ಸಲ ಹಾರ್ನ್ ಹಾಕಿ ಹೊರಟುಹೋಯಿತು. ಅವನು ಏಳಲಿಲ್ಲ.

ಬಸ್ಸಿನ ಸದ್ದು ಅಡಗಿದ ಮೇಲೆ ಕೇಳಿದ: "ಆ ಬಿಗಿ ಬೇರಿಂಗು, ಉಳಿದ ಜೋಡಿ, ಅದು ಏನಾತ್ರಿ?"

"ಅದೂ ಛಲೋ ಬೇರಿಂಗನ. ಮೇಸ್ತ್ರಿ ಅದನ್ನ ಮನೀ ಬಾವಿ ರಾಟಿಗೆ ಹಾಕಿದ. ತಂಪಿನಾಗ ಇವತ್ತಿಗೂ ಬೆಣ್ಣಿ ಹಂಗ ತಿರಗತೈತಿ."

ರಾಚಯ್ಯ ಮತ್ತೆ ಕೇಳಿದ: "ಕಬ್ಬಿಣ ಹುಟ್ಟಿದ್ದ ಹಂಗ್ರಿ, ಅಜ್ಜಾರ. ಬಿಗಿ ಇದ್ದದ್ದು ಸಡಿಲ ಆಗಂಗಿಲ್ಲ. ನನಗೂ ಇನ್ನ ಬಾವಿ ರಾಟೀನ ಏನ್ರಿ?"

ಅಜ್ಜನವರು ಬಾಗಿಲ ಹಿಂದಿನ ಗಂಟಿನ ಕಡೆಗೆ ಒಮ್ಮೆ ನೋಡಿ, ನಕ್ಕರು.

"ಕಬ್ಬಿಣ ಯಾವತ್ತರ 'ನನ್ನೊಳಗ ಏನು ಕಡಿಮಿ ಐತಿ' ಅಂತ ಕೇಳಾಕ ಬಂದೈತೇನಪಾ, ರಾಚಯ್ಯ?"

ರಾಚಯ್ಯ ಎದ್ದು ಬಾಗಿಲ ಹಿಂದಿನ ಗಂಟನ್ನು ಒಳಗೆ ಒಯ್ದು ಬಿಚ್ಚಿದ.